ಮುಖಕ್ಕೆ ಹಚ್ಚಿದ ಆ ಟ್ಯೂಬು

ಹೋದ ಬೇಸಿಗೆಯಲ್ಲಿ ಮೂಗಿನ ಪಕ್ಕ ಕೆಂಪಾಗಿ ಹೊಟ್ಟು ಏಳತೊಡಗಿತು. ದಾವಣಗೆರೆ ಬಿಸಿಲು ಗೊತ್ತಲ್ಲ, ಬೆವರು ತಾಗಿದರೆ ಸಾಕು, ಉರಿ. ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು: ಕ್ಲೋಬೆಟಾಸಾಲ್. ಎರಡೇ ದಿನಕ್ಕೆ ಮುಖ ಬೆಣ್ಣೆಯಂತೆ ನುಣುಪಾಯಿತು, ಆ ಖುಷಿಯಲ್ಲಿ ಎರಡು ತಿಂಗಳು ಸುಮ್ನೆ ಹಚ್ಚುತ್ತಲೇ ಹೋದೆ.

ನಿಲ್ಲಿಸಿದ ಮೂರನೇ ದಿನ ಮೊದಲಿಗಿಂತ ಜಾಸ್ತಿ ಕೆಂಪು. ಬಾಯಿ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು, ತುಟಿಯ ಅಂಚಿನ ಸಣ್ಣ ಗೆರೆಯಷ್ಟು ಜಾಗ ಮಾತ್ರ ಬಿಟ್ಟು. ಮತ್ತೆ ಹಚ್ಚಿದರೆ ತಣ್ಣಗೆ, ಬಿಟ್ಟರೆ ಬೆಂಕಿ.

ಚರ್ಮದ ಡಾಕ್ಟರು ಟ್ಯೂಬ್ ನೋಡಿ, "ಇದನ್ನ ಮುಖಕ್ಕಾ?" ಅಂದರು. ಇದು ಸ್ಟೀರಾಯ್ಡ್ ಕ್ರೀಮುಗಳಲ್ಲೇ ಅತಿ ಜೋರಿನದಂತೆ. ಮುಖದ ಚರ್ಮ ತೆಳು, ಔಷಧಿ ಬೇಗ ಹೀರುತ್ತದೆ, ದಿನಗಟ್ಟಲೆ ಹಚ್ಚಿದರೆ ಇನ್ನೂ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ. ಮುಖಕ್ಕೆ ಬೇಕೇ ಬೇಕಾದರೆ 1% ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯದ್ದು, ಅದೂ ಕೆಲವೇ ದಿನ, ತೆಳ್ಳಗೆ. ಸ್ಟೀರಾಯ್ಡೇ ಕೆಟ್ಟದ್ದು ಅಂತಲ್ಲ, ಅಂಗೈಗೆ ಕೊಡುವುದನ್ನು ಕೆನ್ನೆಗೆ ಬಳಿದದ್ದು ನನ್ನ ತಪ್ಪು.

ನನಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ಬರೆದುಕೊಟ್ಟರು. ಮೊದಲ ವಾರ ಅದೂ ಉರಿಯಿತು. ಈಗ ಗುಳ್ಳೆ ಇಲ್ಲ, ಬಲಗೆನ್ನೆ ಮಾತ್ರ ಬಿಸಿಲಿಗೆ ಇನ್ನೂ ಕೆಂಪಗಾಗುತ್ತದೆ.