ಎಲ್ ಕಮೀನೊಗೆ ಡಿಸ್ಕ್ ಬ್ರೇಕ್: ಒಂದು ಶನಿವಾರದ ಕೆಲಸ

1970ರ ಷೆವರ್ಲೆ ಎಲ್ ಕಮೀನೊ ಎದುರಿನಿಂದ ಷೆವೆಲ್ ಕಾರು, ಹಿಂದಿನಿಂದ ಪಿಕಪ್. ಮಾಮೂಲಿ ಮಾದರಿಯಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕೇ. ಮುಂದಕ್ಕೆ ಡಿಸ್ಕ್ ಹಾಕಲು ಕುಳಿತರೆ, ನಟ್ಟು ಬೋಲ್ಟಿನ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಕಾಡುವುದು ಆಮೇಲಿನದು.

ಚಕ್ರ ಕೂರುವ ಸ್ಪಿಂಡಲ್ ಬದಲಿಸಲು, ಅದನ್ನು ಸಸ್ಪೆನ್ಷನ್ ಆರ್ಮ್‌ಗೆ ಜೋಡಿಸುವ ಬಾಲ್ ಜಾಯಿಂಟ್ ಬಿಡಿಸಲೇಬೇಕು. ಒತ್ತಿ ಕೂತಿರುವ ಕಾಯಿಲ್ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ. ಕೆಳಗಿನ ಆರ್ಮ್‌ಗೆ ಜಾಕಿ ಕೊಟ್ಟು, ಸ್ಪ್ರಿಂಗಿಗೆ ಸರಪಳಿ ಸುತ್ತಿ, ನಟ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ ಬಿಡಿ, ಪೂರ್ತಿ ತೆಗೆಯಬೇಡಿ. ಜಾಯಿಂಟ್ ಕೂರುವ ಭಾಗಕ್ಕೆ ಪಕ್ಕದಿಂದ ಸುತ್ತಿಗೆ ಬಿದ್ದರೆ ಅದು ತಾನೇ ಕಳಚುತ್ತದೆ. ಹಳೆಯ 14 ಇಂಚಿನ ರಿಮ್ಮು, ಡಿಸ್ಕನ್ನು ಪ್ಯಾಡಿನಿಂದ ಹಿಡಿಯುವ ಕ್ಯಾಲಿಪರಿಗೆ ತಾಗಬಹುದು. ಕೈಯಲ್ಲಿ ತಿರುಗಿಸಿ ನೋಡಿ.

ಕ್ಯಾಲಿಪರ್ ಎಡಬಲ ಅದಲುಬದಲಾದರೂ ಸಲೀಸಾಗಿ ಕೂರುತ್ತದೆ. ಆಗ ಗಾಳಿ ಬಿಡುವ ನಿಪ್ಪಲ್ ಕೆಳಗೆ ಬಂದು, ಎರಡು ಲೀಟರ್ ಬ್ರೇಕ್ ಆಯಿಲ್ ಸುರಿದರೂ ಪೆಡಲ್ ಸ್ಪಂಜಿನಂತೆಯೇ ಇರುತ್ತದೆ. ನಿಪ್ಪಲ್ ಮೇಲಿರಲೇಬೇಕು. ಪೆಡಲ್ ತುಳಿದಾಗ ಆಯಿಲ್ ತಳ್ಳುವ, ಡ್ರಮ್ಮಿನ ಹಳೆಯ ಮಾಸ್ಟರ್ ಸಿಲಿಂಡರನ್ನೂ ಉಳಿಸಬೇಡಿ: ಅದರೊಳಗಿನ ವಾಲ್ವು ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುತ್ತದೆ, ಪ್ಯಾಡ್ ಸದಾ ಉಜ್ಜಿ ಡಿಸ್ಕ್ ಕಾಯುತ್ತದೆ. ಗಾಳಿ ತೆಗೆಯುವ ಸರದಿ ಹಿಂದೆ ಬಲ, ಹಿಂದೆ ಎಡ, ಮುಂದೆ ಬಲ, ಮುಂದೆ ಎಡ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ನೀರು ಹಾಕಿ ತಕ್ಷಣ ತೊಳೆಯಿರಿ.

ಇನ್ನು ಮೊದಲೇ ಹೇಳಿದ, ಆಮೇಲೆ ಕಾಡುವ ಆ ಪೀಡೆ. ಲೋಡ್ ಬಾಡಿ ಖಾಲಿಯಿದ್ದಾಗ ಹಿಂದಿನ ಚಕ್ರದ ಮೇಲೆ ಭಾರವೇ ಇಲ್ಲ. ಜೋರಾಗಿ ತುಳಿದರೆ ಹಿಂದಿನ ಡ್ರಮ್ಮು ಮೊದಲು ಕಚ್ಚಿ, ಚಕ್ರ ತಿರುಗದೆ ನಿಂತು ಗಾಡಿಯ ಬಾಲ ಅಡ್ಡ ತಿರುಗುತ್ತದೆ, ಮಳೆಯಲ್ಲಂತೂ ಕೇಳಲೇಬೇಡಿ. ಏರ್ ಶಾಕ್ ಅಬ್ಸಾರ್ಬರ್‌ಗೆ ಗಾಳಿ ತುಂಬಿದರೆ ಹಿಂಭಾಗ ಎದ್ದು ನಿಲ್ಲುತ್ತದೆ, ಭಾರ ಬರುವುದಿಲ್ಲ. ಮದ್ದು ಹಿಂದಿನ ಲೈನಿಗೆ ಹಿಂದಿನ ಒತ್ತಡ ತಗ್ಗಿಸುವ, ಕೈಯಲ್ಲಿ ತಿರುಗಿಸಿ ಹೊಂದಿಸಬಹುದಾದ ಪ್ರೊಪೋರ್ಷನಿಂಗ್ ವಾಲ್ವ್. ಡಿಸ್ಕ್ ಕಿಟ್ಟಿನಲ್ಲಿ ಬಂದ, ಹಲವು ಕೆಲಸ ಒಟ್ಟಿಗೆ ಮಾಡುವ ಕಾಂಬಿನೇಷನ್ ವಾಲ್ವೂ ಹಿಂದಿನ ಒತ್ತಡ ಕಡಿತಗೊಳಿಸುವಂಥದ್ದಾದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಹಿಂದಿನ ಬ್ರೇಕು ಇದ್ದೂ ಇಲ್ಲದಂತಾಗುತ್ತದೆ.

ಹಿಂದಿನ ಒತ್ತಡ ಅತಿ ಕಡಿಮೆಯಾಗುವಂತೆ ಪ್ರೊಪೋರ್ಷನಿಂಗ್ ವಾಲ್ವನ್ನು ಪೂರ್ತಿ ತಗ್ಗಿಸಿ, ಖಾಲಿ ಗಾಡಿಯನ್ನು ಜನವಿಲ್ಲದ ಬಯಲಿಗೆ ಒಯ್ಯಿರಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ತುಳಿಯುವಾಗ ಹೊರಗೆ ದೂರ ನಿಂತವರು ಚಕ್ರ ನೋಡಲಿ. ಅರ್ಧರ್ಧ ಸುತ್ತು ಏರಿಸುತ್ತ ಹೋಗಿ, ಹಿಂದಿನದು ಮೊದಲು ಕಚ್ಚಿದ ಕೂಡಲೇ ಒಂದು ಸುತ್ತು ವಾಪಸ್. ಲೋಡ್ ಹೇರಿದಾಗ ವಾಲ್ವನ್ನು ಮುಟ್ಟಬೇಡಿ, ಇಳಿಸಿದ ಮೇಲೆ ವಾಪಸ್ ತಿರುಗಿಸುವುದು ಮರೆತೇ ಹೋಗುತ್ತದೆ. ಮನೆಗೆ ಬಂದು ಬ್ರೇಕ್ ಪೈಪಿನ ಪ್ರತಿ ಜಾಯಿಂಟಿಗೂ ಒಣ ಕಾಗದ ಒತ್ತಿ. ಬಿಗಿಮಾಡಿದರೂ ಒದ್ದೆ ನಿಲ್ಲದಿದ್ದರೆ ಪೈಪಿನ ಬಾಯಿ ಸರಿಯಾಗಿ ಅರಳಿಲ್ಲ. ಕತ್ತರಿಸಿ ಹೊಸದಾಗಿ ಡಬಲ್ ಫ್ಲೇರ್ ಮಾಡಿ, ಅಂದರೆ ಬಾಯಿಯನ್ನು ಎರಡು ಪದರವಾಗಿ ಮಡಚಿ ಅರಳಿಸಿ.