ಆಯುಧ ಪೂಜೆ ದಿನ ಕಾರಿನ ಪೇಂಟ್ ಕಾಪಾಡ್ಕೊಳ್ಳೋದು

ವರ್ಷದಲ್ಲಿ ಕಾರಿಗೆ ಜಾಸ್ತಿ ಗೀರು ಬೀಳೋ ದಿನ ಯಾವ್ದು ಅಂದ್ರೆ ನಾನಂತೂ ಆಯುಧ ಪೂಜೆ ಅಂತೀನಿ. ಟ್ರಾಫಿಕ್ಕಲ್ಲಿ ಯಾರೋ ಬೈಕ್ ಹ್ಯಾಂಡಲ್ ತಾಗಿಸ್ಕೊಂಡು ಹೋದ್ರೆ ತಕ್ಷಣ ಕಾಣತ್ತೆ, ಹೊಟ್ಟೆ ಉರಿಯತ್ತೆ. ಆದ್ರೆ ಬಿಸಿಲಿಗೆ ನಿಲ್ಸಿದಾಗ ಬಾನೆಟ್ ತುಂಬ ಜೇಡರ ಬಲೆ ಥರ ಸಣ್ಣ ಸಣ್ಣ ಗೆರೆ ಕಾಣ್ತಾವಲ್ಲ, ಅವು ಬಹುಪಾಲು ತೊಳೆಯೋವಾಗ, ಒರೆಸೋವಾಗ ಬೀಳೋವು.

ಈ ಸಲ ಹಬ್ಬಕ್ಕೆ ತುಮಕೂರಿಗೆ ಹೋಗಿದ್ದೆ. ಅಪ್ಪಂದು ಕಡು ನೀಲಿ ಕಾರು, ಗೀರು ಬಿದ್ರೆ ಮುಚ್ಚಿಡೋಕಾಗದ ಬಣ್ಣ. ಬೆಳಗ್ಗೆ ಎದ್ದೋರೇ ಹಳೇ ಬನಿಯನ್ ಹಿಡ್ಕೊಂಡು ಧೂಳಿನ ಮೇಲೇ ಒರೆಸೋಕೆ ಹೊರಟ್ರು.

"ಅಪ್ಪಾ ಇರಿ, ಮೊದ್ಲು ನೀರು ಬಿಡೋಣ."

"ಬಟ್ಟೆ ಮೆತ್ತಗಿದೆಯಲ್ಲೋ, ಏನಾಗತ್ತೆ?"

ಬಟ್ಟೆ ಮೆತ್ತಗೇ ಇರತ್ತೆ, ಅದರಡಿ ಸಿಕ್ಕೋ ಮರಳು ಮೆತ್ತಗಿರಲ್ಲ. ಬಣ್ಣದ ಮೇಲಿರೋ ಕ್ಲಿಯರ್ ಕೋಟ್, ಅಂದ್ರೆ ಬಣ್ಣ ಕಾಪಾಡೋ ಪಾರದರ್ಶಕ ಪದರ, ಸಾಮಾನ್ಯವಾಗಿ 40-50 ಮೈಕ್ರಾನ್ ಅಷ್ಟೇ, ನಮ್ಮ ತಲೆಕೂದಲಿಗಿಂತ ತೆಳು, ಹೊಳಪೆಲ್ಲ ಇರೋದು ಅದ್ರಲ್ಲೇ. ಕಾರನ್ನ ನೆರಳಿಗೆ ತಂದು, ಪೈಪಲ್ಲಿ ಜೋರಾಗಿ ನೀರು ಬಿಟ್ಟು ಮಣ್ಣೆಲ್ಲ ಇಳ್ಸಿದ್ವಿ. ಆಮೇಲೆ ಎರಡು ಬಕೆಟ್, ಒಂದ್ರಲ್ಲಿ ಶಾಂಪೂ ನೀರು, ಇನ್ನೊಂದ್ರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಮೇಲಿಂದ ಕೆಳಗೆ ಬರೋದು, ಬಾಗಿಲ ಕೆಳಗಿನ ಭಾಗ ಕೊನೇಗೆ, ಯಾಕಂದ್ರೆ ಮಣ್ಣು ಜಾಸ್ತಿ ಅಲ್ಲೇ. ಸ್ವಲ್ಪ ಹೊತ್ತಿಗೆ ಜಾಲಿಸೋ ಬಕೆಟ್ಟಿನ ತಳದಲ್ಲಿ ನುಣ್ಣನೆ ಕೆಂಪು ಮರಳು ಕೂತಿದ್ದು ಅಪ್ಪನೇ ಕೈ ಹಾಕಿ ಬೆರಳಲ್ಲಿ ಉಜ್ಜಿ ನೋಡಿದ್ರು, ಏನೂ ಮಾತಾಡ್ಲಿಲ್ಲ, ಬನಿಯನ್ ಒಳಗಿಟ್ಟು ಬಂದ್ರು. ನಮ್ಮದು ಬೋರ್ ನೀರು, ತಾನಾಗೇ ಒಣಗಕ್ಕೆ ಬಿಟ್ರೆ ಬಿಳಿ ಕಲೆ ಕೂರತ್ತೆ, ಅದಕ್ಕೇ ಮೈಕ್ರೋಫೈಬರ್ ಟವೆಲ್ ಹರಡಿ ಮೆಲ್ಲಗೆ ಎಳ್ಕೊಂಡ್ವಿ, ಉಜ್ಜಲಿಲ್ಲ.

ಪೂಜೆ ಹೊತ್ತಿಗೆ ಅಮ್ಮನ ಜೊತೆ ಚರ್ಚೆ. ವಿಭೂತಿ ಪಟ್ಟೆ, ಅರಿಶಿನ, ಕುಂಕುಮ ಬಾನೆಟ್ಟಿಗೇ ಆಗ್ಬೇಕು ಅಂತ ಅವ್ರು. ನಂಗೂ ಪೂಜೆ ಅಂದ್ರೆ ಇಷ್ಟಾನೇ, ಆದ್ರೆ ಪುಡೀನ ಪೇಂಟ್ ಮೇಲೆ ಒತ್ತಿ ತಿಕ್ಕಿದ್ರೆ ಗೀರಾಗತ್ತೆ, ಬಿಸಿಲಲ್ಲಿ ಹಾಗೇ ಬಿಟ್ರೆ ಕುಂಕುಮದ ಬಣ್ಣ ಕಲೆ ಉಳಿಸ್ಬೋದು. "ಮುಂದಿನ ಗ್ಲಾಸಿಗೆ, ನಂಬರ್ ಪ್ಲೇಟಿಗೆ ಇಡಮ್ಮ, ದೇವ್ರು ಬೇಡ ಅನ್ನಲ್ಲ" ಅಂದೆ. ಒಪ್ಕೊಂಡ್ರು, ಗ್ಲಾಸ್ ಮೇಲೆ ಇನ್ನೂ ಚೆನ್ನಾಗೇ ಕಾಣ್ತಿತ್ತು. ಹೂವಿನ ಹಾರ ಗ್ರಿಲ್ಲಿಗೆ ಕಟ್ಟಿದ್ವಿ, ಟೇಪ್ ಅಂಟಿಸ್ಲಿಲ್ಲ. ಬಾಳೆ ಕಂದು ಗೇಟಿಗೆ ಕಟ್ಟಿದ್ವಿ, ಬಂಪರಿಗೆ ಕಟ್ಕೊಂಡು ಓಡಾಡಿದ್ರೆ ದಾರಿಯುದ್ದಕ್ಕೂ ತಿಕ್ಕತ್ತೆ, ರಸ ಬೇರೆ ಸುರಿಯತ್ತೆ.

ಮಧ್ಯಾಹ್ನ ಊಟಕ್ಕೆ ಭಾವ ಬಂದ್ರು. "ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ಗೀರೇ ಬೀಳಲ್ವಂತೆ ಕಣೋ" ಅಂದ್ರು. ಅಂಗಡಿಯವ್ರು ಹಾಗೆ ಹೇಳೋದು ಕೇಳಿದ್ರೆ ನಂಗೆ ಸಿಟ್ಟೇ ಬರತ್ತೆ. ಅದು ಪೇಂಟ್ ಮೇಲೆ ಹಚ್ಚೋ ತೆಳು ಲೇಪ, ಅಬ್ಬಬ್ಬಾ ಅಂದ್ರೆ ಕೆಲವೇ ಮೈಕ್ರಾನ್ ದಪ್ಪ, ನೀರು ಜಾರತ್ತೆ, ತೊಳೆಯೋದು ಸುಲಭ, ಆದ್ರೆ ಹೈವೇಲಿ ಸಿಡಿಯೋ ಕಲ್ಲನ್ನಾಗ್ಲಿ ಕೀಲಿಕೈ ಗೀರನ್ನಾಗ್ಲಿ ತಡೆಯಲ್ಲ. ಅದಕ್ಕೆ ಬೇಕಿರೋದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್), ಸುಮಾರು 150-200 ಮೈಕ್ರಾನಿನ ಪಾರದರ್ಶಕ ಫಿಲ್ಮ್, ಒಳ್ಳೇದಾದ್ರೆ ಸಣ್ಣ ಗೆರೆ ಬಿಸಿಲಿಗೋ ಬಿಸಿನೀರಿಗೋ ತಾನೇ ಮುಚ್ಕೊಳತ್ತೆ. ಇಡೀ ಕಾರಿಗೆ ದುಡ್ಡು ಜಾಸ್ತಿ. ಬಾನೆಟ್, ಮುಂದಿನ ಬಂಪರ್, ಬಾಗಿಲ ಅಂಚು, ಹ್ಯಾಂಡಲ್ ಹಿಂದೆ ಉಗುರು ತಾಗೋ ಜಾಗ, ಇಷ್ಟಕ್ಕೆ ಹಾಕ್ಸಿ ಸಾಕು ಅಂದೆ.

ಭಾವ ತಮ್ಮ ಕಾರಿನ ಬಾಗಿಲಲ್ಲಿದ್ದ ಗೀರು ತೋರ್ಸಿದ್ರು. ಉಗುರಲ್ಲಿ ಮೆಲ್ಲಗೆ ಎಳೆದು ನೋಡಿ ಅಂದೆ. ಟಕ್ ಅಂತ ಸಿಕ್ಕಾಕೊಳ್ತು. ಸಿಕ್ಕಾಕೊಂಡ್ರೆ ಪಾಲಿಶಲ್ಲಿ ಹೋಗಲ್ಲ ಅಂತ್ಲೇ ಲೆಕ್ಕ, ಟೂತ್‌ಪೇಸ್ಟ್ ಹಾಕಿ ಉಜ್ಜೋದಂತೂ ಬೇಡ್ವೇ ಬೇಡ. ತಗಡು ಕಾಣ್ತಿದ್ರೆ ತುಕ್ಕು ಹಿಡಿಯೋ ಮುಂಚೆ ಕಾರಿನದೇ ಕಲರ್ ಕೋಡಿನ ಟಚ್‌ಅಪ್ ಪೇಂಟ್ ಹಚ್ಚಿಸ್ಬೇಕು. ಬಾಗಿಲು ತೆಗೆದು ಸ್ಟಿಕ್ಕರಲ್ಲಿದ್ದ ಕೋಡ್ ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ರು.