ಗೋಡೆ ಮೇಲಿರೋ ಆ ಬೆಕ್ಕಿನ ಚಿತ್ರ

ಮನೆಗೆ ಬಂದೋರೆಲ್ಲ ಊಟದ ಟೇಬಲ್ ಎದುರಿನ ಗೋಡೆ ನೋಡಿ ಕೇಳೋದು ಒಂದೇ ಪ್ರಶ್ನೆ, ನಿಮಗೆ ಬೆಕ್ಕು ಅಂದ್ರೆ ಅಷ್ಟು ಇಷ್ಟಾನಾ ಅಂತ. ಇಷ್ಟಾನೇ, ಆದ್ರೆ ಆ ಚಿತ್ರ ಹಾಕಿರೋದು ಬೆಕ್ಕಿಗೋಸ್ಕರ ಅಲ್ಲ, ಅದು ಕೂತಿರೋ ರೂಮಿಗೋಸ್ಕರ.

ಜಪಾನಿನ ಹಿರೋಶಿಗೆ ಅನ್ನೋ ಕಲಾವಿದ 1857ರಲ್ಲಿ ಮಾಡಿದ ಮರದಚ್ಚಿನ ಚಿತ್ರ ಅದು. ಎದೋ, ಅಂದ್ರೆ ಈಗಿನ ಟೋಕಿಯೋ, ಆ ಊರಿನ ನೂರು ಪ್ರಸಿದ್ಧ ನೋಟಗಳು ಅನ್ನೋ ಸರಣಿಯಲ್ಲಿ 101ನೇದು (ಹೆಸರಿಗಷ್ಟೇ ನೂರು, ಇರೋದು ಜಾಸ್ತಿ). ಬಿಳಿ ಬೆಕ್ಕೊಂದು ನಮಗೆ ಬೆನ್ನು ಮಾಡಿ ಕಿಟಕಿಕಟ್ಟೆ ಮೇಲೆ ಕೂತಿದೆ, ಪಕ್ಕದಲ್ಲೊಂದು ಬಟ್ಟಲು, ಟವೆಲ್ಲು. ಕಿಟಕಿಗೆ ಮರದ ಸರಳು. ಆಚೆ ಸಂಜೆ, ದೂರದಲ್ಲಿ ಫ್ಯೂಜಿ ಬೆಟ್ಟ, ಗದ್ದೆ ಬಯಲಲ್ಲಿ ಜನವೋ ಜನ, ಇರುವೆ ಸಾಲಿನ ಥರ ಜಾತ್ರೆಗೆ ಹೊರಟಿದ್ದಾರೆ, ಅಸಾಕುಸಾದಲ್ಲಿ ನಡೆಯೋ ಹುಂಜದ ದಿನದ ಜಾತ್ರೆ ಅದು. ಅಲ್ಲಿ ತರಗೆಲೆ ಬಾಚೋ ಬಿದಿರಿನ ಕುಂಟೆ ಥರದ್ದನ್ನ ಅಲಂಕಾರ ಮಾಡಿ ಮಾರ್ತಾರೆ, ಮನೆಗೆ ತಂದಿಟ್ರೆ ಅದೃಷ್ಟ ಬಾಚ್ಕೊಂಡು ಬರುತ್ತೆ ಅಂತ ನಂಬಿಕೆ. ಇವತ್ತಿಗೂ ನಡೆಯುತ್ತೆ.

ಎಷ್ಟು ಶಾಂತವಾಗಿದೆ ಅಲ್ವಾ ಅಂತಾರೆ ನೋಡಿದೋರು, ನಾನೂ ಎಷ್ಟೋ ತಿಂಗಳು ಹಾಗೇ ಅಂದ್ಕೊಂಡಿದ್ದೆ. ಆಮೇಲೊಂದು ದಿನ ಎಡಗಡೆ ಕೆಳಮೂಲೆ ಕಣ್ಣಿಗೆ ಬಿತ್ತು. ಅಲ್ಲೊಂದು ಕಾಗದದ ಪೊಟ್ಟಣ ಬಿಚ್ಚಿದೆ, ಒಳಗೆ ತಲೆಗೆ ಸಿಕ್ಕಿಸ್ಕೊಳ್ಳೋ ಪಿನ್ನುಗಳು, ಅವೂ ಅದೇ ಕುಂಟೆ ಆಕಾರದವು. ಅಂದ್ರೆ ಜಾತ್ರೆಗೆ ಹೋಗಿ ಬಂದ ಯಾರೋ ಆ ರೂಮಿನ ಹೆಂಗಸಿಗೆ ತಂದುಕೊಟ್ಟಿದ್ದಾರೆ. ಅವಳು ಹೋಗಿಲ್ಲ, ಹೋಗೋಕಾಗಲ್ಲ, ಯಾಕಂದ್ರೆ ಆ ಮನೆ ಇರೋದು ಯೋಶಿವಾರಾದಲ್ಲಿ, ಸರ್ಕಾರವೇ ಪರವಾನಗಿ ಕೊಟ್ಟಿದ್ದ ಸೂಳೆಗೇರಿ, ಸುತ್ತಲೂ ನೀರಿನ ಕಂದಕ, ಹೆತ್ತವರ ಬಡತನಕ್ಕೆ ಚಿಕ್ಕ ವಯಸ್ಸಲ್ಲೇ ಮಾರಾಟವಾಗಿ ಬಂದ ಹುಡುಗೀರು, ಸಾಲ ತೀರೋವರೆಗೂ ಆಚೆ ಬಿಡ್ತಿರಲಿಲ್ಲ.

ಹಿರೋಶಿಗೆ ಅವಳನ್ನ ಬರೆದೇ ಇಲ್ಲ ನೋಡಿ. ಅವಳ ಮುಖ ಬರೆದಿದ್ರೆ ನಾವು ಅಯ್ಯೋ ಪಾಪ ಅಂದು ಮುಂದೆ ಹೋಗ್ತಿದ್ವಿ. ಅವನು ಟವೆಲ್ ಬರೆದ, ಪಿನ್ ಬರೆದ, ಬೆಕ್ಕನ್ನ ಅವಳು ನಿಲ್ಲಬೇಕಾದ ಜಾಗದಲ್ಲಿ ಕೂರಿಸಿದ. ಬೆಕ್ಕಾದ್ರೂ ಆ ಸರಳಿನ ಸಂದೀಲಿ ನುಸುಳಿ ಹೋಗಬಹುದು.

ಅದಕ್ಕೇ ಈಗ ಯಾರಾದ್ರೂ ಕೇಳಿದ್ರೆ ನಾನು ಎದ್ದು ಹೋಗಿ ಆ ಮೂಲೆ ಮೇಲೆ ಬೆರಳಿಟ್ಟು ತೋರಿಸ್ತೀನಿ, ಬೆಕ್ಕಿನ ವಿಷಯ ಆಮೇಲೆ.